2012ರ ರಿಕವರಿ ಡಿಸ್ಕು, 2022ರ ಬೋರ್ಡು, ಮಧ್ಯದಲ್ಲಿ ನಾನು

ತಿಪಟೂರಲ್ಲಿ ನಮ್ಮಾವಂದೊಂದು ಪ್ರೆಸ್ ಇದೆ. ಪ್ರೆಸ್ಸು ಅಂದ್ರೆ ದೊಡ್ಡದೇನಲ್ಲ, ಹಿಂದ್ಗಡೆ ಒಂದು ಹಳೇ ಆಫ್‌ಸೆಟ್ ಮಷೀನು, ಒಂದು ಕಟಿಂಗ್ ಮಷೀನು, ಮುಂದ್ಗಡೆ ಗಾಜಿನ ಬಾಗಿಲಿನ ರೂಮಲ್ಲಿ ಒಂದು ಕಂಪ್ಯೂಟರು. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಕೊಬ್ಬರಿ ಮಂಡಿಯೋರ ಬಿಲ್ ಬುಕ್ಕು, ಎಲೆಕ್ಷನ್ ಟೈಮಲ್ಲಿ ಪಾಂಪ್ಲೆಟ್ಟು, ಇಷ್ಟೇ ವ್ಯವಹಾರ. ಕಂಪ್ಯೂಟರನ್ನ ನಾನೇ 2010ರಲ್ಲಿ ಜೋಡ್ಸಿ ಕೊಟ್ಟಿದ್ದು: ಜಿ31 ಚಿಪ್‌ಸೆಟ್ ಬೋರ್ಡು, ಕೋರ್ 2 ಡ್ಯುಯೊ, 2 ಜಿಬಿ ರ‍್ಯಾಮು, 320 ಜಿಬಿ ಹಾರ್ಡ್‌ಡಿಸ್ಕು, ವಿಂಡೋಸ್ 7 32 ಬಿಟ್. ಪುಟ ಜೋಡ್ಸೋಕೆ ಪೇಜ್‌ಮೇಕರ್ 7, ಕನ್ನಡ ಟೈಪ್ ಮಾಡೋಕೆ ನುಡಿ, ಇನ್ನೊಂದಿಷ್ಟು ಕನ್ನಡ ಫಾಂಟು. ಅದ್ರ ಮೇಲೆ ನಮ್ಮಾವ ಇಲ್ಲೀವರ್ಗೂ ಬಂಡಿ ಎಳ್ಕೊಂಡು ಬಂದಿದ್ರು, ನಾನೂ ಮುಟ್ಟೋಕೆ ಹೋಗಿರ್ಲಿಲ್ಲ, ಓಡೋ ಗಾಡಿಗೆ ಯಾಕೆ ಕೈ ಹಾಕೋದು ಅಂತ.

ಮುಂಗಾರು ಶುರುವಾದ ವಾರ ಒಂದು ಸಿಡ್ಲಿಗೆ ಕರೆಂಟ್ ಹೋಗಿ ಬಂತಂತೆ, ಬಂದಾಗ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಕೊಡೋ ಡಬ್ಬಿ) ಹೊಗೆ ಬಿಟ್ಟು, ಹೋಗ್ತಾ ಬೋರ್ಡನ್ನೂ ಹಾರ್ಡ್‌ಡಿಸ್ಕಿನ ಕೆಳಗಿನ ಸರ್ಕ್ಯೂಟನ್ನೂ ಜೊತೇಲೇ ಕರ್ಕೊಂಡು ಹೋಗಿದೆ. ಫೋನಲ್ಲಿ ನಮ್ಮಾವ ಹೇಳಿದ್ದು ಒಂದೇ ಮಾತು, "ಹೋಯ್ತು ಕಣೋ, ಆದ್ರೆ ನೀನ್ ಕೊಟ್ಟಿದ್ಯಲ್ಲ ಡಿಸ್ಕು, ಅದು ಭದ್ರವಾಗಿದೆ." ದೇವ್ರ ಫೋಟೋ ಹಿಂದೆ ಇಟ್ಟಿದ್ರು. ಬಿಳೀ ಕವರಿನ ಮೇಲೆ ನನ್ನದೇ ಅಕ್ಷರದಲ್ಲಿ ಮಾರ್ಕರ್ ಪೆನ್ನಲ್ಲಿ "ರಿಕವರಿ – ಜೋಪಾನ" ಅಂತಿದೆ, ಕೆಳಗೆ 2012. ವಿಂಡೋಸ್ ಕೈ ಕೊಟ್ರೆ ಬೂಟ್ ಮಾಡಿ ರಿಪೇರಿ ಮಾಡೋ ಡಿವಿಡಿ ಅದು. ಜೊತೆಗೆ ಒಂದು ಯುಎಸ್‌ಬಿ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕು, ಅದ್ರಲ್ಲಿ ಪ್ರತಿ ದೀಪಾವಳಿ ರಜಕ್ಕೆ ಬಂದಾಗ ನಾನು ತೆಗೀತಿದ್ದ ಸಿಸ್ಟಮ್ ಇಮೇಜು. ಅಂದ್ರೆ ಹೋದ ದೀಪಾವಳಿವರ್ಗಿನ ಪೂರ್ತಿ ಸಿಸ್ಟಮ್ ಕೈಲಿದೆ. ಹೊಸ ಮಷೀನ್ ತಗೊಂಡು, ಡಿಸ್ಕ್ ಹಾಕಿ, ಇಮೇಜ್ ಇಳ್ಸಿದ್ರೆ ಮುಗೀತು, ಒಂದು ಸಂಜೆ ಕೆಲ್ಸ ಅಂದ್ಕೊಂಡೆ. ಎಂಟು ದಿನ ಹಿಡೀತು.

ಹೊಸ ಮಷೀನು ಐ3 12100, ಎಚ್610 ಬೋರ್ಡು, 8 ಜಿಬಿ ರ‍್ಯಾಮು, 512 ಜಿಬಿ ಎನ್‌ವಿಎಂಇ (ಹೊಸ ಥರದ ಫಾಸ್ಟ್ ಡಿಸ್ಕು). ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ, ಪ್ರೊಸೆಸರ್ ಒಳಗಿಂದೇ. ಈಗಿನ ಕ್ಯಾಬಿನೆಟ್ಟಲ್ಲಿ ಡಿವಿಡಿ ಡ್ರೈವ್ ಕೂರ್ಸೋಕೆ ಜಾಗಾನೇ ಇಲ್ಲ, ಹಾಗಾಗಿ ಪಕ್ಕದ ಫೋಟೋ ಸ್ಟುಡಿಯೋದವ್ರ ಹತ್ರ ಯುಎಸ್‌ಬಿ ಡಿವಿಡಿ ಡ್ರೈವ್ ಇಸ್ಕೊಂಡು ಬಂದೆ. ಶನಿವಾರ ಸಂಜೆ ಡಿಸ್ಕ್ ಹಾಕ್ದೆ, ಪವರ್ ಆನ್ ಮಾಡಿ ಎಫ್11 ಒತ್ತಿ ಬೂಟ್ ಮೆನು ತೆಗ್ದೆ. ಮೆನುವಲ್ಲಿ ಎನ್‌ವಿಎಂಇ ಡ್ರೈವ್ ಇದೆ, ಸೆಟಪ್ಪಿಗೆ ಹೋಗೋ ಸಾಲಿದೆ, ಅಷ್ಟೇ. ಡಿವಿಡಿ ಡ್ರೈವಿನ ಹೆಸ್ರೇ ಇಲ್ಲ. ಡ್ರೈವ್ ಒಳಗೆ ಡಿಸ್ಕು ಗರಗರ ತಿರುಗ್ತಿದೆ, ಲೈಟ್ ಮಿಣಮಿಣ ಅಂತಿದೆ, ಬೋರ್ಡಿಗೆ ಮಾತ್ರ ಅದು ಕಾಣ್ಸ್ತಾನೇ ಇಲ್ಲ.

ಇಲ್ಲಿ ಮೊದಲನೇ ತಪ್ಪು ಮಾಡ್ದೆ, ಡಿಸ್ಕ್ ಕೆಟ್ಟಿದೆ ಅಂತ ತೀರ್ಮಾನ ಮಾಡ್ಬಿಟ್ಟೆ. ಬರ್ದಿಟ್ಟು ಇಷ್ಟು ವರ್ಷ ಆದ ಡಿವಿಡಿ ತಾನೇ, ಡೈ ಹಾಳಾಗಿರುತ್ತೆ, ಮೇಲೆ ಗೀರು ಬೇರೆ ಇದೆ. ಸೋಪಿನ ನೀರಲ್ಲಿ ತೊಳ್ದು, ಮೆತ್ತನೆ ಬಟ್ಟೇಲಿ ನಡುವಿಂದ ಅಂಚಿನ ಕಡೆಗೆ ಒರ್ಸಿ (ಸುತ್ತ ಒರ್ಸ್ಬಾರ್ದು, ಗೀರು ಟ್ರ್ಯಾಕಿನ ದಿಕ್ಕಲ್ಲೇ ಬಿದ್ರೆ ಎರರ್ ಕರೆಕ್ಷನ್‌ಗೂ ಸರಿಮಾಡೋಕೆ ಕಷ್ಟ), ಮತ್ತೆ ಹಾಕ್ದೆ, ಮತ್ತೆ ಅದೇ. ಪೋರ್ಟ್ ಬದಲಾಯ್ಸ್ದೆ. ಹಿಂದಿನ ಯುಎಸ್‌ಬಿ 2 ಪೋರ್ಟಿಗೆ ಹಾಕ್ದೆ. ಸೆಟಪ್ಪಿಗೆ ಹೋಗಿ ಸೆಕ್ಯೂರ್ ಬೂಟ್ ಆಫ್ ಮಾಡ್ದೆ, ಫಾಸ್ಟ್ ಬೂಟ್ ಆಫ್ ಮಾಡ್ದೆ. ಹಳೇ ಡಿಸ್ಕುಗಳನ್ನ ಬೂಟ್ ಮಾಡೋಕೆ ಬಿಡೋ ಸಿಎಸ್‌ಎಂ ಅನ್ನೋ ಸಾಲು ಹುಡ್ಕಿದ್ರೆ ಬೂದು ಬಣ್ಣದಲ್ಲಿ ಕೂತಿದೆ, ಕರ್ಸರ್ ಅದ್ರ ಮೇಲೆ ನಿಲ್ಲೋದೇ ಇಲ್ಲ, ಹಾರಿ ಮುಂದಿನ ಸಾಲಿಗೆ ಹೋಗುತ್ತೆ. ರಾತ್ರಿ ಹತ್ತೂವರೆ ಆಯ್ತು, ಅತ್ತೆ ಎರಡು ಸಲ ಊಟಕ್ಕೆ ಕರೆದ್ರು.

ಭಾನುವಾರ ಬೆಳಗ್ಗೆ ಡಿಸ್ಕನ್ನ ಐಎಸ್‌ಒ (ಇಡೀ ಡಿಸ್ಕಿನ ನಕಲು ಇರೋ ಒಂದೇ ಫೈಲು) ಮಾಡ್ಕೊಂಡು ಪೆನ್‌ಡ್ರೈವಿಗೆ ಹಾಕೋಣ ಅಂತ ನನ್ನ ಲ್ಯಾಪ್‌ಟಾಪಲ್ಲಿ ಲಿನಕ್ಸ್ ತೆಗ್ದು, ಡಿಡಿರೆಸ್ಕ್ಯೂ ಅನ್ನೋ ಕಾಪಿ ಮಾಡೋ ಟೂಲ್ ಓಡಿಸ್ದೆ, ಬ್ಲಾಕ್ ಸೈಜ್ 2048, ಓದೋಕಾಗ್ದಿದ್ದನ್ನ ಮೂರು ಸಲ ಮತ್ತೆ ಟ್ರೈ ಮಾಡು ಅಂತ ಹೇಳಿ. ಸುಮಾರು 140 ಎಂಬಿ ಡಿಸ್ಕು. ಒಂದೇ ಒಂದು ಬ್ಯಾಡ್ ಸೆಕ್ಟರ್ ಇಲ್ದೆ ಪೂರ್ತಿ ಓದ್ತು! ಆಗ್ಲೇ ತಲೆಗೆ ಹೊಳೀಬೇಕಿತ್ತು, ಹೊಳೀಲಿಲ್ಲ. ಐಎಸ್‌ಒನ ರೂಫಸ್ ಅನ್ನೋ ಟೂಲಲ್ಲಿ ಪೆನ್‌ಡ್ರೈವಿಗೆ ಬರೆಯೋಕೆ ಹೋದ್ರೆ ಟಾರ್ಗೆಟ್ ಸಿಸ್ಟಮ್ ಅನ್ನೋ ಜಾಗದಲ್ಲಿ ಬಯೋಸ್ ಅಂತ ಮಾತ್ರ ತೋರ್ಸ್ತು, ಯುಇಎಫ್‌ಐ ಆಯ್ಕೆ ಮಾಡೋಕೆ ಬಿಡ್ಲಿಲ್ಲ (ಎರಡೂ ಕಂಪ್ಯೂಟರ್ ಆನ್ ಆದ ತಕ್ಷಣ ಮೊದ್ಲು ಓಡೋ ಬೋರ್ಡಿನ ಪ್ರೋಗ್ರಾಮು, ಬಯೋಸ್ ಹಳೇದು, ಯುಇಎಫ್‌ಐ ಹೊಸದು). ರೂಫಸ್ ಅಲ್ಲೇ ಉತ್ತರ ಹೇಳ್ತಿತ್ತು, ನಾನು ಕೇಳಿಸ್ಕೊಳ್ಳೋ ಮೂಡಲ್ಲಿ ಇರ್ಲಿಲ್ಲ, ಬರ್ದು ಹಾಕ್ದೆ, ಬೂಟ್ ಮೆನುವಲ್ಲಿ ಪೆನ್‌ಡ್ರೈವೂ ಕಾಣ್ಸ್ಲಿಲ್ಲ.

ಮಧ್ಯಾಹ್ನ ಸ್ಟುಡಿಯೋದವ್ರಿಗೆ ಡ್ರೈವ್ ವಾಪಸ್ ಕೊಡೋಕೆ ಹೋದಾಗ ಅಲ್ಲೊಂದು ಹಳೇ ಲ್ಯಾಪ್‌ಟಾಪ್ ಬಿದ್ದಿತ್ತು, 2009–10ರ ಕಾಲದ್ದು, ಸುಮ್ನೆ ಅದ್ರಲ್ಲಿ ಡಿಸ್ಕ್ ಹಾಕಿ ನೋಡ್ದೆ. "ಪ್ರೆಸ್ ಎನಿ ಕೀ ಟು ಬೂಟ್ ಫ್ರಮ್ ಸಿಡಿ ಆರ್ ಡಿವಿಡಿ" ಅಂತ ಬಂತು, ಕೀ ಒತ್ದೆ, ಬಿಳೀ ಪಟ್ಟಿ ಓಡ್ತು, ಒಂದು ನಿಮಿಷಕ್ಕೆ ರಿಕವರಿ ಮೆನು ಎದುರಿಗೆ. ಡಿಸ್ಕಿಗೆ ಏನೂ ಆಗಿಲ್ಲ. ಈ ಟೆಸ್ಟನ್ನ ಶನಿವಾರ ಸಂಜೆ ಐದು ನಿಮಿಷದಲ್ಲಿ ಮಾಡ್ಬಹುದಿತ್ತು, ಸೋಪಿನ ನೀರು ಉಳೀತಿತ್ತು. ಡ್ರೈವನ್ನ ಇನ್ನೊಂದು ವಾರ ಇಟ್ಕೋತೀನಿ ಅಂತ ಹೇಳಿ ವಾಪಸ್ ತಂದೆ.

ಆಮೇಲೆ ಸಮಾಧಾನವಾಗಿ ಕೂತು ಐಎಸ್‌ಒನ ಹೆಕ್ಸ್ ಎಡಿಟರಲ್ಲಿ (ಫೈಲಿನ ಒಂದೊಂದು ಬೈಟನ್ನೂ ತೋರ್ಸೋ ಪ್ರೋಗ್ರಾಮು) ತೆಗ್ದೆ. ಇದೇನೂ ಮಹಾ ವಿದ್ಯೆ ಅಲ್ಲ, ಸಿಡಿಯಿಂದ ಬೂಟ್ ಮಾಡೋ ಪದ್ಧತಿಗೆ ಎಲ್ ಟೊರಿಟೊ ಅಂತ ಹೆಸ್ರು, ಫೀನಿಕ್ಸ್ ಮತ್ತೆ ಐಬಿಎಂನೋರು 1995ರಲ್ಲಿ ಮಾಡಿದ್ದು. ಸೊನ್ನೆಯಿಂದ ಎಣಿಸಿದ್ರೆ 17ನೇ ಸೆಕ್ಟರಲ್ಲಿ, ಒಂದು ಸೆಕ್ಟರ್ 2048 ಬೈಟ್ ಅಂದ್ರೆ 34816ನೇ ಬೈಟಿಂದ, ಬೂಟ್ ರೆಕಾರ್ಡ್ ಇರುತ್ತೆ. ಬಲಗಡೆ ಕಾಲಮ್ಮಲ್ಲಿ ಎಲ್ ಟೊರಿಟೊ ಸ್ಪೆಸಿಫಿಕೇಶನ್ ಅಂತ ಅಕ್ಷರದಲ್ಲೇ ಓದ್ಬಹುದು. ಆ ಸೆಕ್ಟರಿನ 71ನೇ ಬೈಟಿಂದ ನಾಲ್ಕು ಬೈಟಲ್ಲಿ ಬೂಟ್ ಕ್ಯಾಟಲಾಗ್ ಯಾವ ಸೆಕ್ಟರಲ್ಲಿದೆ ಅನ್ನೋ ನಂಬರ್ ಇರುತ್ತೆ, ಅಲ್ಲಿಗೆ ಹಾರ್ಬೇಕು. ಅಲ್ಲಿ ನನ್ನ ಡಿಸ್ಕಲ್ಲಿ ಇದ್ದದ್ದು ಇಷ್ಟು: ಮೊದಲ 32 ಬೈಟಿನ ಸಾಲಲ್ಲಿ 01, ಅದ್ರ ಪಕ್ಕ 00, ಸಾಲಿನ ಕೊನೇಲಿ 55 ಎಎ. ಎರಡನೇ 32 ಬೈಟು 88ರಿಂದ ಶುರು, ಅಂದ್ರೆ ಇದು ಬೂಟ್ ಆಗುತ್ತೆ ಅಂತ. ಅದ್ರ ಕೆಳಗೆ ಬರೀ ಸೊನ್ನೆ, ಸೊನ್ನೆ, ಸೊನ್ನೆ, ಸೆಕ್ಟರ್ ಮುಗಿಯೋವರ್ಗೂ.

ಆ 01ರ ಪಕ್ಕದ 00 ಇದ್ಯಲ್ಲ, ಅದೇ ಪ್ಲಾಟ್‌ಫಾರ್ಮ್ ನಂಬರ್, ಸೊನ್ನೆ ಅಂದ್ರೆ ಹಳೇ ಬಯೋಸ್. ಯುಇಎಫ್‌ಐಗೂ ಬೂಟ್ ಆಗೋ ಡಿಸ್ಕಾದ್ರೆ 88ರ ಸಾಲಿನ ಕೆಳಗೆ ಇನ್ನೊಂದು ಸಾಲು 91ರಿಂದ ಶುರುವಾಗಿ ಅದ್ರ ಪಕ್ಕ ಇಎಫ್ ಅಂತ ಇರ್ಬೇಕು. ಪಕ್ಕದ ಕಿಟಕೀಲಿ ಒಂದು ವಿಂಡೋಸ್ 10 ಐಎಸ್‌ಒ ತೆಗ್ದು ಇಟ್ಟು ನೋಡ್ದೆ, ಅದ್ರಲ್ಲಿ ಕರೆಕ್ಟಾಗಿ ಆ ಜಾಗದಲ್ಲಿ 91 ಇಎಫ್ ಇದೆ. ನನ್ನದರಲ್ಲಿ ಸೊನ್ನೆ. ಹೊಸ ಬೋರ್ಡು ಡಿಸ್ಕ್ ಓದ್ತಿದೆ, ಕ್ಯಾಟಲಾಗೂ ಓದ್ತಿದೆ, ಅದಕ್ಕೆ ಬೇಕಾದ ಇಎಫ್ ಸಿಗ್ತಿಲ್ಲ, ಅದಕ್ಕೇ ಮೆನುವಲ್ಲಿ ಹೆಸ್ರು ಹಾಕ್ತಿಲ್ಲ. ಗರಗರ ಸದ್ದಿಗೆ ಅರ್ಥ ಅದು. ಹೆಕ್ಸ್ ಬೇಡ ಅನ್ನೋರು ಲಿನಕ್ಸಲ್ಲಿ ಕ್ಸೊರಿಸೊ ಅನ್ನೋ ಟೂಲಿಗೆ ಎಲ್ ಟೊರಿಟೊ ರಿಪೋರ್ಟ್ ಕೇಳಿದ್ರೆ ಇದನ್ನೇ ಎರಡು ಸಾಲಲ್ಲಿ ಹೇಳುತ್ತೆ, ನನಗೆ ಕಣ್ಣಾರೆ ನೋಡೋ ಚಟ.

ತಪ್ಪು ಯಾರ್ದು ಅಂದ್ರೆ ನಂದೇ. 32 ಬಿಟ್ ವಿಂಡೋಸ್ 7ರಲ್ಲಿ ಕೂತು ಸಿಸ್ಟಮ್ ರಿಪೇರ್ ಡಿಸ್ಕ್ ಮಾಡಿದ್ರೆ ಅದು 32 ಬಿಟ್ ಡಿಸ್ಕೇ ಆಗುತ್ತೆ, ವಿಂಡೋಸ್ 7 ಯುಇಎಫ್‌ಐ ಬೂಟ್ ಮಾಡೋದು 64 ಬಿಟ್ಟಲ್ಲಿ ಮಾತ್ರ. 2012ರಲ್ಲಿ ನನಗೆ ಯುಇಎಫ್‌ಐ ಅಂದ್ರೆ ಏನು ಅಂತ ಗೊತ್ತಿದ್ರೆ ತಾನೇ. ಬೇರೆ ಪೆನ್‌ಡ್ರೈವಿಂದ 64 ಬಿಟ್ ಬೂಟ್ ಫೈಲ್ ಕದ್ದು ಇದ್ರೊಳಗೆ ತುರುಕೋಣ್ವಾ ಅಂತ ಒಂದು ಕ್ಷಣ ಆಸೆ ಆಯ್ತು, ಆದ್ರೆ ಒಳಗಿರೋ ಬೂಟ್ ಇಮೇಜು 32 ಬಿಟ್, ಹೊರಗಿನ ಲೋಡರು 64 ಬಿಟ್, ಎತ್ತು ಏರಿಗೆ ಕೋಣ ನೀರಿಗೆ, ಆಗೋ ಮಾತಲ್ಲ.

ಉಳಿದಿದ್ದು ಸಿಎಸ್‌ಎಂ. ಅಂದ್ರೆ ಯುಇಎಫ್‌ಐ ಒಳಗೇ ಹಳೇ ಬಯೋಸಿನ ವೇಷ ಹಾಕೋ ಮಾಡ್ಯೂಲು. 2020ರ ಹೊತ್ತಿಗೆ ಇದನ್ನ ತೆಗೆದುಹಾಕ್ತೀವಿ ಅಂತ ಇಂಟೆಲ್ 2017ರಲ್ಲೇ ಹೇಳಿತ್ತು, 500 ಸೀರೀಸ್ ಚಿಪ್‌ಸೆಟ್‌ನಿಂದ ಈಚೆಗೆ ಪ್ರೊಸೆಸರ್ ಒಳಗಿನ ಗ್ರಾಫಿಕ್ಸಿಗೆ ಹಳೇ ವಿಡಿಯೋ ಬಯೋಸ್ ಇಲ್ಲ, ಹಾಗಾಗಿ ಬರೀ ಅದ್ರಲ್ಲೇ ಓಡ್ತಿದ್ರೆ ಸಿಎಸ್‌ಎಂ ಆನ್ ಮಾಡೋಕೆ ಬಿಡಲ್ಲ. ಬೂದು ಬಣ್ಣದ ರಹಸ್ಯ ಅದು. ಬೇರೆ ಗ್ರಾಫಿಕ್ಸ್ ಕಾರ್ಡ್ ಇದ್ರೆ ಕೆಲವು ಬೋರ್ಡಲ್ಲಿ ಜೀವ ಬರುತ್ತೆ. ನನ್ನ ಗುಜರಿ ಡಬ್ಬೀಲಿ ಒಂದು ಜಿಟಿ 210 ಕಾರ್ಡಿತ್ತು, ಬೆಂಗಳೂರಿಂದ ಅದನ್ನ ತರ್ಸೋಕೆ ಎರಡು ದಿನ, ತಮ್ಮ ಟ್ರೇನಲ್ಲಿ ಬರೋನಿದ್ದ, ಅವನ ಬ್ಯಾಗಲ್ಲಿ ಬಂತು.

ಕಾರ್ಡ್ ಹಾಕಿ ಆನ್ ಮಾಡಿದ್ರೆ ಮೊದ್ಲು ಕಪ್ಪು ಸ್ಕ್ರೀನು, ತಾನೇ ಎರಡು ಸಲ ರೀಸ್ಟಾರ್ಟ್ ಆಯ್ತು, ಮೂರನೇ ಸಲಕ್ಕೆ ಲೋಗೋ ಬಂತು. ಸೆಟಪ್ಪಿಗೆ ಹೋದ್ರೆ ಸಿಎಸ್‌ಎಂ ಸಾಲು ಬೆಳ್ಳಗಾಗಿದೆ! ಎನೇಬಲ್, ಸೇವ್, ಎಫ್11, ಡಿವಿಡಿ ಡ್ರೈವಿನ ಹೆಸ್ರು ಮೆನುವಲ್ಲಿ. ಎನಿ ಕೀ ಒತ್ದೆ. ಬಿಳೀ ಪಟ್ಟಿ ನಿಧಾನಕ್ಕೆ ಓಡ್ತು. ನಮ್ಮಾವ ಹಿಂದೆ ನಿಂತು "ಬಂತಾ?" ಅಂದ್ರು, "ಬಂತು" ಅಂತ ನಾನು ಹೇಳೋದಕ್ಕೂ ನೀಲಿ ಸ್ಕ್ರೀನ್ ಬರೋದಕ್ಕೂ ಸರಿಹೋಯ್ತು. ಸ್ಟಾಪ್ ಎ5. ಮೇಲ್ಗಡೆ ಬರ್ದಿತ್ತು, ಈ ಸಿಸ್ಟಮ್ಮಿನ ಬಯೋಸು ಎಸಿಪಿಐಗೆ (ಬೋರ್ಡು ತನ್ನ ಹಾರ್ಡ್‌ವೇರ್ ವಿವರಾನ ವಿಂಡೋಸಿಗೆ ಹೇಳೋ ಪದ್ಧತಿ) ಪೂರ್ತಿ ತಕ್ಕಂತಿಲ್ಲ, ಮಾರಿದವ್ರ ಹತ್ರ ಹೊಸ ಬಯೋಸ್ ಕೇಳಿ ಅಂತ. 2009ರ ವಿಂಡೋಸು 2022ರ ಬೋರ್ಡಿಗೆ ನೀನು ಸರಿಯಿಲ್ಲ ಅಂತ ಬುದ್ಧಿ ಹೇಳ್ತಿದೆ. ವಿಂಡೋಸ್ 7ರ ಎಸಿಪಿಐ ಡ್ರೈವರಿಗೆ ಈಗಿನ ಬೋರ್ಡುಗಳ ಟೇಬಲ್ಲು ಅರ್ಥ ಆಗಲ್ಲ, ಅಷ್ಟೇ ವಿಷ್ಯ.

ಇದನ್ನೂ ಏನೋ ಪ್ಯಾಚ್ ಮಾಡಿ ದಾಟಿಸ್ಬಹುದು, ಮಾಡಿರೋ ಪುಣ್ಯಾತ್ಮರಿದಾರೆ. ಆದ್ರೆ ದಾಟಿದ ಮೇಲೆ? ವಿಂಡೋಸ್ 7ಗೆ ಯುಎಸ್‌ಬಿ 3 ಕಂಟ್ರೋಲರ್ ಡ್ರೈವರ್ ಒಳಗಿಂದ ಬರಲ್ಲ, ಈ ಬೋರ್ಡಲ್ಲಿ ಎಲ್ಲಾ ಪೋರ್ಟೂ ಅದ್ರ ಕೈಕೆಳಗೇ, ನೋಡೋಕೆ ಯುಎಸ್‌ಬಿ 2 ಅಂತ ಇರೋದೂ ಸೇರಿ. ಅಂದ್ರೆ ಯುಎಸ್‌ಬಿ ಕೀಬೋರ್ಡಿಲ್ಲ, ಮೌಸಿಲ್ಲ, ಇಮೇಜ್ ಇರೋ ಎಕ್ಸ್‌ಟರ್ನಲ್ ಡಿಸ್ಕಿಲ್ಲ. ಎನ್‌ವಿಎಂಇಗೂ ಡ್ರೈವರಿಲ್ಲ, ಆಮೇಲೆ ಬಂದ ಹಾಟ್‌ಫಿಕ್ಸ್ ಹಾಕ್ಬೇಕು. ಪ್ರೊಸೆಸರ್ ಒಳಗಿನ ಗ್ರಾಫಿಕ್ಸಿಗೂ ಇಲ್ಲ. ಒಂದೊಂದಕ್ಕೂ ಹೋರಾಡಿ ಕೊನೇಗೆ ಸಿಗೋದು ಕುಂಟೋ ಸಿಸ್ಟಮ್ಮು. ಬುಧವಾರ ರಾತ್ರಿ ಕಾರ್ಡ್ ಬಿಚ್ಚಿ ಡಬ್ಬಿಗೆ ಹಾಕ್ದೆ.

ಒಂದು ಕೊನೇ ಆಸೆ ಉಳ್ದಿತ್ತು. ಡಿಸ್ಕು ಹಳೇದಾದ್ರೇನು, ವಿಂಡೋಸ್ 10ರ ಇನ್‌ಸ್ಟಾಲ್ ಪೆನ್‌ಡ್ರೈವಲ್ಲೂ ರಿಪೇರಿ ಒಳಗೆ ಸಿಸ್ಟಮ್ ಇಮೇಜ್ ರಿಕವರಿ ಇದೆ, ಅದು ಯುಇಎಫ್‌ಐಲಿ ಬೂಟ್ ಆಗುತ್ತೆ, ಯುಎಸ್‌ಬಿ 3 ಗೊತ್ತು, ಎನ್‌ವಿಎಂಇ ಗೊತ್ತು. ಹಾಕ್ದೆ. ಎಕ್ಸ್‌ಟರ್ನಲ್ ಡಿಸ್ಕ್ ಸಿಕ್ತು, ದೀಪಾವಳಿ ಇಮೇಜ್ ಸಿಕ್ತು, ತಾರೀಖು ತೋರ್ಸ್ತು, ನೆಕ್ಸ್ಟ್, ನೆಕ್ಸ್ಟ್, ಫಿನಿಶ್, ಯೆಸ್. ಎರಡು ಸೆಕೆಂಡಿಗೆ ಕೆಂಪು ಕ್ರಾಸು: ಇಮೇಜ್ ತೆಗೆದ ಕಂಪ್ಯೂಟರಲ್ಲಿ ಬಯೋಸ್ ಇತ್ತು, ಈ ಕಂಪ್ಯೂಟರಲ್ಲಿ ಇಎಫ್‌ಐ (ಅಂದ್ರೆ ಯುಇಎಫ್‌ಐ) ಇದೆ, ಬೇರೆ ಫರ್ಮ್‌ವೇರ್ ಇರೋ ಕಂಪ್ಯೂಟರಿಗೆ ಇಳ್ಸೋಕಾಗಲ್ಲ. ಇಷ್ಟು ದಿನ ಯಾವ ಬೋರ್ಡೂ ಹೇಳ್ದೇ ಇದ್ದಿದ್ದನ್ನ ಈ ಡಬ್ಬಿ ನೇರವಾಗಿ ಹೇಳ್ತು. ಸಮಸ್ಯೆ ಡಿಸ್ಕಿಂದು ಮಾತ್ರ ಅಲ್ಲ, ಇಮೇಜೂ ಹಳೇ ಮಷೀನನ್ನೇ ಕೇಳ್ತಿದೆ.

ಸರಿ, ಹಾಗಾದ್ರೆ ಹಳೇ ಮಷೀನನ್ನೇ ಕೊಡೋಣ, ಹೊಸದ್ರ ಒಳಗೆ. ಇದನ್ನ ಮೊದಲನೇ ದಿನಾನೇ ಯೋಚ್ನೆ ಮಾಡಿದ್ರೆ ತಮ್ಮನ ಬ್ಯಾಗು ಹಗುರ ಆಗ್ತಿತ್ತು.

ಅದಕ್ಕೂ ಮುಂಚೆ ಮಾಡಿದ ಒಂದು ಕೆಲ್ಸ ಹೇಳ್ಬೇಕು, ಯಾಕಂದ್ರೆ ಗುರುವಾರ ಬೆಳಗ್ಗೆ ಒಬ್ರು ಮಗಳ ಮದುವೆ ಕಾರ್ಡಿಗೆ ಬಂದು ಕೂತಿದ್ರು, ಹಿರಿಮಗಳ ಕಾರ್ಡ್ ಇಲ್ಲೇ ಮಾಡ್ಸಿದ್ದು, ಅದೇ ಥರ ಬೇಕು ಅಂತ. ವಿಂಡೋಸ್ 7ರ ಇಮೇಜ್ ಅಂದ್ರೆ ಏನೋ ಬೀಗ ಹಾಕಿದ ಪೆಟ್ಟಿಗೆ ಅಂತ ತುಂಬಾ ಜನ ಅಂದ್ಕೊಂಡಿರ್ತಾರೆ, ಅಲ್ಲ. ವಿಂಡೋಸ್ ಇಮೇಜ್ ಬ್ಯಾಕಪ್ ಅನ್ನೋ ಫೋಲ್ಡರ್, ಅದ್ರೊಳಗೆ ಕಂಪ್ಯೂಟರ್ ಹೆಸ್ರಿನ ಫೋಲ್ಡರ್, ಅದ್ರೊಳಗೆ ಬ್ಯಾಕಪ್ ಅಂತ ತಾರೀಖಿನ ಜೊತೆ ಇನ್ನೊಂದು, ಒಳಗೆ ಉದ್ದುದ್ದ ಹೆಸ್ರಿನ ಎರಡು ವಿಎಚ್‌ಡಿ (ಡಿಸ್ಕನ್ನೇ ಒಳಗಿಟ್ಕೊಂಡಿರೋ) ಫೈಲು, ಸುತ್ತ ಒಂದಷ್ಟು ಎಕ್ಸ್‌ಎಂಎಲ್ಲು. ಚಿಕ್ಕ ವಿಎಚ್‌ಡಿ 100 ಎಂಬಿ ಸಿಸ್ಟಮ್ ರಿಸರ್ವ್ಡ್ ಪಾರ್ಟಿಶನ್ನಿಂದು, ದೊಡ್ಡದು ಸಿ ಡ್ರೈವು, ನಮ್ದು 68 ಜಿಬಿ. ಮೊದ್ಲು ಪೂರ್ತಿ ಫೋಲ್ಡರನ್ನ ಹೊಸ ಮಷೀನಿಗೆ ಕಾಪಿ ಮಾಡ್ಕೊಂಡೆ, ಎಕ್ಸ್‌ಟರ್ನಲ್ಲು ಯುಎಸ್‌ಬಿ 2ದು, ಮುಕ್ಕಾಲು ಗಂಟೆ ಹಿಡೀತು. ಆಮೇಲೆ ವಿಂಡೋಸ್ 11ರ ಡಿಸ್ಕ್ ಮ್ಯಾನೇಜ್‌ಮೆಂಟಲ್ಲಿ ಅಟ್ಯಾಚ್ ವಿಎಚ್‌ಡಿ ಅಂತ ಕೊಟ್ಟು, ರೀಡ್ ಓನ್ಲಿ ಟಿಕ್ ಮಾಡಿ (ಇದನ್ನ ಮರೀಬೇಡಿ, ಇಲ್ದಿದ್ರೆ ಬ್ಯಾಕಪ್ ಒಳಗೇ ವಿಂಡೋಸು ಗೀಚುತ್ತೆ), ಓಕೆ ಒತ್ತಿದ್ರೆ ಹಳೇ ಸಿ ಡ್ರೈವು ಹೊಸ ಡ್ರೈವ್ ಲೆಟರಲ್ಲಿ ಎದುರಿಗೆ. ಮೈ ಡಾಕ್ಯುಮೆಂಟ್ಸ್ ಒಳಗೆ ವರ್ಷವಾರು ಲಗ್ನಪತ್ರಿಕೆ ಫೋಲ್ಡರುಗಳು. ನಮ್ಮಾವ ಕುರ್ಚಿ ಎಳ್ಕೊಂಡು ಪಕ್ಕ ಕೂತ್ರು, ಒಂದು ವಾರದಿಂದ ಅವ್ರು ಕೂತಿರ್ಲಿಲ್ಲ.

ಫೈಲ್ ಸಿಕ್ತು, ತೆಗೆಯೋದು ಹೇಗೆ. ಪೇಜ್‌ಮೇಕರ್ 7 ಬಂದಿದ್ದು 2001ರಲ್ಲಿ, ಆ ಫೈಲನ್ನ ಅದ್ರ ಜಾಗಕ್ಕೆ ಬಂದ ಇನ್‌ಡಿಸೈನಲ್ಲಿ ತೆಗೀಬಹುದಿತ್ತು, ಆದ್ರೆ ಸಿಎಸ್6ವರ್ಗೂ ಮಾತ್ರ, ಅದಾದ್ಮೇಲಿನ ವರ್ಷನ್ ಯಾವುದೂ ಮುಟ್ಟಲ್ಲ. ಒಳಗಿನ ಅಕ್ಷರಗಳು ಹಳೇ ಕಾಲದ ಆಸ್ಕಿ ಫಾಂಟು, ಯೂನಿಕೋಡ್ ಅಲ್ಲ. ಅಂದ್ರೆ ಕಂಪ್ಯೂಟರಿಗೆ ಅದು ಕನ್ನಡಾನೇ ಅಲ್ಲ, ಕನ್ನಡದ ಮುಖವಾಡ ಹಾಕಿರೋ ಇಂಗ್ಲಿಷ್ ಕೀಲಿಗಳು, ಫಾಂಟ್ ಇಲ್ದಿದ್ರೆ "ಶ್ರೀ" ಅನ್ನೋ ಜಾಗದಲ್ಲಿ ತಲೆ ಮೇಲೆ ಚುಕ್ಕಿ, ಬಾಲ, ಕೊಂಬು ಇರೋ ಯುರೋಪಿನ ಅಕ್ಷರಗಳು. ಕಾಪಿ ಪೇಸ್ಟ್ ಮಾಡಿ ಬೇರೆ ಕಡೆ ಹಾಕೋ ಆಟ ನಡೆಯಲ್ಲ. ಪೇಜ್‌ಮೇಕರ್ ಸಿಡಿ ಎಲ್ಲೋ ಕಳ್ದೋಗಿದೆ. ಆ ಸಿಸ್ಟಮ್ಮೇ ಇದ್ದ ಹಾಗೆ ಎದ್ದು ಬರ್ಬೇಕು.

ಕಂಪ್ಯೂಟರ್ ಒಳಗೇ ಇನ್ನೊಂದು ಸುಳ್ಳು ಕಂಪ್ಯೂಟರ್ (ಅದಕ್ಕೆ ವಿಎಂ ಅಂತಾರೆ) ಓಡ್ಸೋ ವರ್ಚುಯಲ್‌ಬಾಕ್ಸ್ ಹಾಕ್ದೆ. ಸೆಟಪ್ಪಲ್ಲಿ ಇಂಟೆಲ್ ವರ್ಚುಯಲೈಸೇಶನ್ ಆನ್ ಇದ್ಯಾ ನೋಡ್ದೆ, ಇತ್ತು. ಹೊಸ ವಿಎಂ, ವಿಂಡೋಸ್ 7 32 ಬಿಟ್, 2 ಜಿಬಿ ರ‍್ಯಾಮು, ಇಎಫ್‌ಐ ಟಿಕ್ ತೆಗ್ದಿರೋದು. ಆಪ್ಟಿಕಲ್ ಡ್ರೈವಿಗೆ ಭಾನುವಾರ ಮಾಡಿಟ್ಟ ಐಎಸ್‌ಒ. ಸ್ಟಾರ್ಟ್ ಒತ್ದೆ, ಎನಿ ಕೀ, ಬಿಳೀ ಪಟ್ಟಿ, ರಿಕವರಿ ಮೆನು. ಒಂದು ಮಾತಾಡ್ದೆ ಬೂಟ್ ಆಯ್ತು. ಅದೇ ಡಿಸ್ಕು, ಅದೇ ಹೊಸ ಪ್ರೊಸೆಸರ್ರು, ನಡುವೆ ಒಂದು ಸುಳ್ಳು ಬಯೋಸು ಅಷ್ಟೇ. ಕಿಟಕಿ ಕೆಳಗೆ ಒಂದು ಹಸಿರು ಆಮೆ ಚಿತ್ರ ಕಾಣ್ತಿತ್ತು, ವಿಂಡೋಸ್ 11ರ ಕೋರ್ ಐಸೊಲೇಶನ್ ಆನ್ ಇದ್ರೆ ವರ್ಚುಯಲ್‌ಬಾಕ್ಸು ವಿಂಡೋಸಿನದೇ ವಿಎಂ ಪದರ ಹೈಪರ್‌ವಿ ಮೇಲೆ ಕುಂಟ್ಕೊಂಡು ಓಡುತ್ತೆ, ಆಮೆ ಅದ್ರ ಗುರುತು. ಪೇಜ್‌ಮೇಕರಿಗೆ ಆಮೆ ಸ್ಪೀಡೇ ಜಾಸ್ತಿ ಅಂತ ಬಿಟ್ಟೆ.

ಎಕ್ಸ್‌ಟರ್ನಲ್ ಡಿಸ್ಕನ್ನ ವಿಎಂ ಒಳಗೆ ಕೊಡೋವಾಗ ಯುಎಸ್‌ಬಿ 3 ಅಂತ ಸೆಟ್ಟಿಂಗ್ ಇಟ್ಟಿದ್ದೆ, ಇಮೇಜ್ ಸಿಗ್ಲಿಲ್ಲ, ನಾನೇ ಎರಡು ದಿನದ ಹಿಂದೆ ಬೈದುಕೊಂಡಿದ್ದ ಅದೇ ಕಾರಣ, ಯುಎಸ್‌ಬಿ 2 ಮಾಡಿದ್ಮೇಲೆ ಸಿಕ್ತು. ಆಮೇಲೆ ಬಂತು ನೋಡಿ, ಎರರ್ 80042412, ಸಿಸ್ಟಮ್ ಡಿಸ್ಕ್ ರಿಕವರ್ ಮಾಡೋಕೆ ತಕ್ಕ ಡಿಸ್ಕ್ ಸಿಗ್ತಿಲ್ಲ. ಡೇಟಾ 68 ಜಿಬಿ ತಾನೇ ಅಂತ ನಾನು 100 ಜಿಬಿ ವರ್ಚುಯಲ್ ಡಿಸ್ಕ್ ಕೊಟ್ಟಿದ್ದೆ. ಈ ರಿಕವರಿಗೆ ಡೇಟಾ ಎಷ್ಟು ಅಂತ ಲೆಕ್ಕ ಇಲ್ಲ, ಹಳೇ ಡಿಸ್ಕು ಎಷ್ಟು ದೊಡ್ಡದಿತ್ತೋ ಅಷ್ಟಾದ್ರೂ ಇರ್ಲೇಬೇಕು. ಹಳೇದು 320 ಜಿಬಿ, ವಿಂಡೋಸಲ್ಲಿ 298 ಜಿಬಿ ಅಂತ ತೋರಿಸ್ತಿದ್ದ ನೆನಪಿತ್ತು, ಬಹಳ ಜಾಣ ಅಂದ್ಕೊಂಡು 298 ಅಂತ ಟೈಪ್ ಮಾಡ್ದೆ. ಮತ್ತೆ ಅದೇ ಎರರ್. ಕ್ಯಾಲ್ಕುಲೇಟರ್ ತಗೊಂಡೆ. 320 ಜಿಬಿ ಡಿಸ್ಕಲ್ಲಿ 62,51,42,448 ಸೆಕ್ಟರು, ಇಂಟು 512, ಅದನ್ನ 1024ರಿಂದ ಮೂರು ಸಲ ಭಾಗಿಸಿದ್ರೆ 298.09. ಪಾಯಿಂಟ್ ಸೊನ್ನೆ ಒಂಬತ್ತು! ಹಂಗಂತ 300 ಕೊಟ್ಟೆ, ಡೈನಮಿಕ್ ಡಿಸ್ಕ್ ಆದ್ರಿಂದ ನಿಜವಾಗಿ ಅಷ್ಟು ಜಾಗ ತಿನ್ನಲ್ಲ, ಯಾಕೆ ಜುಗ್ಗತನ ಮಾಡಿದ್ನೋ. ಹಸಿರು ಪಟ್ಟಿ ಓಡೋಕೆ ಶುರುವಾಯ್ತು. ಎರಡು ಗಂಟೆ ಮೇಲಾಯ್ತು ಮುಗಿಯೋಕೆ, ಅಷ್ಟ್ರಲ್ಲಿ ಹೋಟ್ಲಿಗೆ ಹೋಗಿ ತಟ್ಟೆ ಇಡ್ಲಿ ತಿಂದು ಬಂದೆ.

ರೀಸ್ಟಾರ್ಟ್ ಆಗಿ ವಿಂಡೋಸ್ ಲೋಗೋ ಬಣ್ಣಗಳು ಸುತ್ಕೊಂಡು ಬಂದು ಸೇರೋ ಮುಂಚೆ ನೀಲಿ ಮಿಂಚಿ ಮತ್ತೆ ರೀಸ್ಟಾರ್ಟು. ಎಫ್8 ಒತ್ತಿ ಆಟೋಮ್ಯಾಟಿಕ್ ರೀಸ್ಟಾರ್ಟ್ ಆಫ್ ಮಾಡಿದಾಗ ಕೋಡ್ ಓದೋಕಾಯ್ತು, 7ಬಿ, ಅಂದ್ರೆ ಬೂಟ್ ಡಿಸ್ಕ್ ಕೈಗೆ ಸಿಗ್ಲಿಲ್ಲ. ಇದು ಮಾತ್ರ ನನಗೆ ನೋಡಿದ ತಕ್ಷಣ ಗೊತ್ತಾಯ್ತು. ಹಳೇ ಬೋರ್ಡಲ್ಲಿ ಇದ್ದ ಐಸಿಎಚ್7 ಚಿಪ್ಪಿಗೆ ಎಎಚ್‌ಸಿಐ (ಸಾಟಾ ಡಿಸ್ಕಿನ ಜೊತೆ ಮಾತಾಡೋ ಹೊಸ ವಿಧಾನ) ಇಲ್ಲ, ಅಲ್ಲಿ ವಿಂಡೋಸು ಐಡಿಇ ಅನ್ನೋ ಹಳೇ ಮೋಡಲ್ಲಿ ಇನ್‌ಸ್ಟಾಲ್ ಆಗಿದ್ದು, ಎಎಚ್‌ಸಿಐ ಡ್ರೈವರ್ ಒಳಗಿದ್ರೂ ಬೂಟ್ ಟೈಮಲ್ಲಿ ಎದ್ದೇಳಲ್ಲ. ವರ್ಚುಯಲ್‌ಬಾಕ್ಸು ವಿಂಡೋಸ್ 7 ಅಂದ ತಕ್ಷಣ ಸಾಟಾ ಕಂಟ್ರೋಲರ್ ಕೊಟ್ಟಿರುತ್ತೆ. ರಿಜಿಸ್ಟ್ರೀಲಿ ಎಂಎಸ್‌ಎಎಚ್‌ಸಿಐ ಸರ್ವಿಸಿನ ಸ್ಟಾರ್ಟ್ ಬೆಲೆ 3 ಇರೋದನ್ನ 0 ಮಾಡಿದ್ರೂ ಆಗುತ್ತೆ, ನಾನು ಅಷ್ಟು ದೂರ ಹೋಗ್ಲಿಲ್ಲ, ಸ್ಟೋರೇಜ್ ಸೆಟ್ಟಿಂಗಲ್ಲಿ ಡಿಸ್ಕನ್ನ ಸಾಟಾದಿಂದ ಕಿತ್ತು ಐಡಿಇ ಪ್ರೈಮರಿ ಮಾಸ್ಟರಿಗೆ ಹಾಕ್ದೆ. ಪ್ರೈಮರಿ ಮಾಸ್ಟರ್ ಅನ್ನೋ ಮಾತು ಬಳಸಿ ಎಷ್ಟು ವರ್ಷ ಆಗಿತ್ತೋ.

ಬೂಟ್ ಆಯ್ತು. ನಮ್ಮಾವನ ಡೆಸ್ಕ್‌ಟಾಪು, ಸಿದ್ಧಗಂಗಾ ಸ್ವಾಮಿಗಳ ವಾಲ್‌ಪೇಪರು, ಅಡ್ಡಾದಿಡ್ಡಿ ಐಕಾನು, "ಹೊಸ ಫೋಲ್ಡರ್ 14" ಸಮೇತ. ಹಾರ್ಡ್‌ವೇರ್ ಬದಲಾಯ್ತು ಅಂತ ಆಕ್ಟಿವೇಶನ್ ಮತ್ತೆ ಕೇಳ್ತು, ರಿಟೇಲ್ ಡಬ್ಬಿ ಕೀ ನನ್ನ ಹತ್ರ ಇತ್ತು, ಅದನ್ನ ಮುಗ್ಸಿ ವಿಎಂನ ನೆಟ್‌ವರ್ಕ್ ಕೇಬಲ್ಲಿನ ಟಿಕ್ ತೆಗ್ದುಬಿಟ್ಟೆ, ವಿಂಡೋಸ್ 7ಗೆ ಸೆಕ್ಯೂರಿಟಿ ಅಪ್‌ಡೇಟ್ 2020ರ ಜನವರಿ 14ಕ್ಕೇ ನಿಂತಿದೆ, ಅದು ಇನ್ಮೇಲೆ ಇಂಟರ್ನೆಟ್ ಮುಖ ನೋಡೋದು ಬೇಡ. ವರ್ಚುಯಲ್‌ಬಾಕ್ಸಿನ ಡ್ರೈವರುಗಳು, ಗೆಸ್ಟ್ ಅಡಿಶನ್ಸ್, ಹಾಕಿದ್ಮೇಲೆ ಸ್ಕ್ರೀನ್ ತುಂಬ್ತು. ಫೈಲ್ ಆಚೆ ಈಚೆ ಮಾಡೋಕೆ ಒಂದು ಶೇರ್ಡ್ ಫೋಲ್ಡರು. ಲೇಸರ್ ಪ್ರಿಂಟರನ್ನ ಯುಎಸ್‌ಬಿ ಫಿಲ್ಟರ್ ಹಾಕಿ ನೇರ ವಿಎಂಗೆ ಕೊಟ್ಟೆ.

ಶನಿವಾರ ಮಧ್ಯಾಹ್ನ ಪೇಜ್‌ಮೇಕರ್ ತೆಗ್ದು ಹಿರಿಮಗಳ ಲಗ್ನಪತ್ರಿಕೆ ಫೈಲ್ ತೆರೆದ್ವಿ, ಬಾರ್ಡರು, ಗಣಪತಿ, "ಆಗಮನಾಭಿಲಾಷಿಗಳು" ಎಲ್ಲಾ ಜಾಗದಲ್ಲೇ ಇದೆ. ನಮ್ಮಾವ ಹೆಸ್ರು ತಿದ್ದೋಕೆ ಕೀಬೋರ್ಡ್ ಮೇಲೆ ಕೈ ಇಟ್ಟು ಹಾಗೇ ನಿಂತ್ರು. "ಇದ್ರಲ್ಲಿ ಆ ಕೀನೇ ಇಲ್ವಲ್ಲೋ." ನುಡೀಲಿ ಇಂಗ್ಲಿಷಿಂದ ಕನ್ನಡಕ್ಕೆ ಬರೋಕೆ ಸ್ಕ್ರಾಲ್ ಲಾಕ್ ಒತ್ತಬೇಕು, ನಾನು ತಂದಿದ್ದ ಹೊಸ ಪುಟ್ಟ ಕೀಬೋರ್ಡಲ್ಲಿ ಸ್ಕ್ರಾಲ್ ಲಾಕ್ ತೆಗೆದುಹಾಕಿದಾರೆ. ಜಗತ್ತಲ್ಲಿ ಆ ಕೀ ಯಾರಿಗೂ ಬೇಡ, ಕರ್ನಾಟಕದ ಪ್ರೆಸ್ಸುಗಳಿಗೂ ಸರ್ಕಾರಿ ಆಫೀಸುಗಳಿಗೂ ಮಾತ್ರ ಬೇಕು. ಗುಜರಿಗೆ ಹಾಕಿದ್ದ ಹಳೇ ಪಿಎಸ್2 ಕೀಬೋರ್ಡ್ ಹುಡ್ಕಿ ತಂದು, ಸುಟ್ಟ ಮಷೀನಿನ ಮಸಿ ಒರ್ಸಿ, ಹಿಂದೆ ನೋಡಿದ್ರೆ ಹೊಸ ಬೋರ್ಡಲ್ಲಿ ಇನ್ನೂ ಒಂದು ಪಿಎಸ್2 ದುಂಡು ತೂತು ಇಟ್ಟಿದಾರೆ, ಹಾಕ್ದೆ. ಮೂರನೇ ಲೈಟ್ ಹತ್ತಿಕೊಂಡ್ತು, ಕನ್ನಡ ಬಂತು.

ದೀಪಾವಳಿಯಿಂದ ಈಚೆಗೆ ಮಾಡಿದ ಕೆಲ್ಸ ಹೋಗಿದ್ದು ಹೋಯ್ತು, ಗಿರಾಕಿಗಳಿಗೆ ವಾಟ್ಸಾಪಲ್ಲಿ ಕಳ್ಸಿದ್ದ ಪಿಡಿಎಫ್ ನೋಡ್ಕೊಂಡು ಒಂದೊಂದೇ ಮತ್ತೆ ಟೈಪ್ ಮಾಡ್ತಿದಾರೆ. ಇಡೀ ವಿಎಂ ಫೋಲ್ಡರನ್ನ ವಾರಕ್ಕೊಂದ್ಸಲ ಎಕ್ಸ್‌ಟರ್ನಲ್ಲಿಗೆ ಎಳ್ದು ಬಿಡೋದು ಹೇಗೆ ಅಂತ ತೋರ್ಸಿ ಕೊಟ್ಟಿದೀನಿ, ವಿಎಂ ಆಫ್ ಮಾಡಿ ಕಾಪಿ ಮಾಡ್ಬೇಕು ಅಂತ ಮೂರು ಸಲ ಹೇಳಿದೀನಿ. ಡಿವಿಡಿ ಕವರ್ ಮೇಲೆ "ರಿಕವರಿ – ಜೋಪಾನ" ಕೆಳಗೆ ಅದೇ ಮಾರ್ಕರಲ್ಲಿ ಬರ್ದೆ: "32 ಬಿಟ್. ಬಯೋಸ್ ಮಾತ್ರ. ಹೊಸ ಮಷೀನಲ್ಲಿ ಬೂಟ್ ಆಗಲ್ಲ, ವರ್ಚುಯಲ್‌ಬಾಕ್ಸಲ್ಲಿ ಆಗುತ್ತೆ. ಡಿಸ್ಕ್ 300 ಜಿಬಿ ಕೊಡು, ಐಡಿಇಗೆ ಹಾಕು." ನಮ್ಮಾವ ಅದನ್ನ ಕನ್ನಡಕ ಹಾಕ್ಕೊಂಡು ಪೂರ್ತಿ ಓದಿದ್ರು, ಏನರ್ಥ ಆಯ್ತೋ, ತಗೊಂಡೋಗಿ ವಾಪಸ್ ದೇವ್ರ ಫೋಟೋ ಹಿಂದೆ ಇಟ್ರು.